ಇಂದಿನ ಧಮ್ಮ ಚಿಂತನೆ: ಒಂದೇ ಸೂರು, ಒಂದೇ ಒಲೆ



ಕಡೂರು, ತರೀಕೆರೆ, ಅಜ್ಜಂಪುರದ ಉಪಾಸಕ ಉಪಾಸಿಕೆಯರೇ, ಇವತ್ತಿನ ಚಿಂತನೆ ಸ್ವಲ್ಪ ಉದ್ದವಿದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಊಟವಾದ ಮೇಲೆ ಓದಿ. ಮನೆಯಲ್ಲಿ ಡಿಗ್ರಿ ಮುಗಿಸಿದ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ವಿಷಯ ಅವರದೇ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಮ್ಮ ಮಕ್ಕಳು ಬೀರೂರಿನಲ್ಲೋ ಕಡೂರಿನಲ್ಲೋ ಬೆಂಗಳೂರಿನ ರೈಲು ಹತ್ತುತ್ತಾರೆ. ಅಲ್ಲಿ ಇಳಿದ ಕೂಡಲೇ ಹುಡುಕುವುದು ಕೆಲಸಕ್ಕಿಂತ ಮೊದಲು ಒಂದು ರೂಮು. ರೂಮು ಕೇಳಿದರೆ ಮೊದಲ ಪ್ರಶ್ನೆ "ಯಾವ ಊರು?" ಎರಡನೆಯದು "ಅಡುಗೆ ವೆಜ್ಜಾ, ನಾನ್‌ವೆಜ್ಜಾ?" ಮೂರನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಮೊದಲ ಎರಡರಲ್ಲೇ ಉತ್ತರ ತೆಗೆದುಕೊಂಡಿರುತ್ತಾರೆ. ಇದು ನಮಗೆಲ್ಲ ಗೊತ್ತಿರುವ ನೋವು. ಇದರ ಬಗ್ಗೆ ಭಾಷಣ ಮಾಡುವುದೂ ಸುಲಭ.

ಇವತ್ತು ಕಷ್ಟದ ಭಾಗವನ್ನು ನೋಡೋಣ. ನಮ್ಮದೇ ನಾಲ್ಕು ಮಕ್ಕಳು, ಇಬ್ಬರು ಎಡಗೈ ಮನೆಯವರು, ಇಬ್ಬರು ಬಲಗೈ ಮನೆಯವರು, ನಾಲ್ಕೂ ಜನ ತ್ರಿಶರಣ ಪಂಚಶೀಲ ಹೇಳುವವರು, ಒಂದೇ ಮನೆ ಬಾಡಿಗೆಗೆ ಹಿಡಿದು ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಇರುತ್ತೇವೆ ಎಂದರೆ ನಾವು ಹೂಂ ಅನ್ನುತ್ತೇವೆಯೇ? ವಿಹಾರದಲ್ಲಿ ಒಟ್ಟಿಗೆ ಕೂತು ವಂದನೆ ಮಾಡುವುದು ಒಂದು ಗಂಟೆಯ ಮಾತು. ಒಂದೇ ಸೂರಿನ ಕೆಳಗೆ ವರ್ಷವಿಡೀ ಬದುಕುವುದು ಬೇರೆ ಮಾತು. ಒಳಮೀಸಲಾತಿಯ ಚರ್ಚೆ ಶುರುವಾದಂದಿನಿಂದ ನಮ್ಮ ಮೊಬೈಲುಗಳಲ್ಲಿ ಓಡಾಡುತ್ತಿರುವ ಮಾತುಗಳನ್ನು ಓದಿದವರಿಗೆ ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ ಎಂದು ತಿಳಿಯುತ್ತದೆ. ಪಾಲಿನ ಲೆಕ್ಕ ನ್ಯಾಯವಾಗಿ ಆಗಲೇಬೇಕು, ಅದು ಹಕ್ಕಿನ ಮಾತು. ಆದರೆ ಲೆಕ್ಕ ಮುಗಿದ ಮೇಲೂ ನಾವು ಒಬ್ಬರ ಮನೆಯಲ್ಲೊಬ್ಬರು ಉಣ್ಣುವವರಾಗಿ ಉಳಿಯುತ್ತೇವೆಯೇ ಎಂಬುದು ಧಮ್ಮದ ಮಾತು.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದಲ್ಲಿ ಯಹೂದಿ ಯುವಕ ಯುವತಿಯರಿಗಾಗಿ ಅವೋದಾ ಎಂಬ ಸಂಸ್ಥೆಯಿದೆ. 1998ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಆಮೇಲೆ ವಾಷಿಂಗ್ಟನ್, ಷಿಕಾಗೋ, ನ್ಯೂ ಆರ್ಲಿಯನ್ಸ್ ನಗರಗಳಿಗೂ ಹೋಯಿತು. ಕಾಲೇಜು ಮುಗಿಸಿದ ಮಕ್ಕಳು ಒಂದು ವರ್ಷವನ್ನು ಬಡತನದ ವಿರುದ್ಧದ ಕೆಲಸಕ್ಕೆ ಕೊಡುತ್ತಾರೆ. ಮನೆಯಿಲ್ಲದವರಿಗೆ ಮನೆ, ಹಸಿದವರಿಗೆ ಆಹಾರ, ವಕೀಲರನ್ನು ಇಡಲಾಗದವರಿಗೆ ಕಾನೂನು ನೆರವು, ಇಂಥ ಕೆಲಸ ಮಾಡುವ ಸಂಸ್ಥೆಗಳಲ್ಲಿ ಹಗಲು ದುಡಿಯುತ್ತಾರೆ. ಕೈಗೆ ಸಿಗುವುದು ಸಣ್ಣ ಭತ್ಯೆ. ಸಂಜೆ ಎಲ್ಲರೂ ಒಂದೇ ಮನೆಗೆ ಮರಳುತ್ತಾರೆ. ಆ ಮನೆ ನಾನಾ ಬಣ್ಣದ, ನಾನಾ ಭಾಷೆಯ ಜನ ಬದುಕುವ ನಗರದಲ್ಲಿರುತ್ತದೆ. ಅಡುಗೆ ಒಟ್ಟಿಗೆ, ಶುಚಿ ಒಟ್ಟಿಗೆ, ಕಲಿಕೆಯೂ ಒಟ್ಟಿಗೆ.

ಅವೋದಾ ಎಂಬುದು ಹೀಬ್ರೂ ಪದ. ಅದಕ್ಕೆ ಕೆಲಸ ಎಂಬ ಅರ್ಥವಿದೆ, ಸೇವೆ ಎಂಬ ಅರ್ಥವಿದೆ, ಆರಾಧನೆ ಎಂಬ ಅರ್ಥವೂ ಇದೆ. ಇನ್ನೊಂದು ಸಂಗತಿ ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ. ಅವರ ಪೂರ್ವಜರು ಈಜಿಪ್ಟಿನಲ್ಲಿ ಗುಲಾಮರಾಗಿ ಮಾಡಿದ ಕಠಿಣ ದುಡಿಮೆಗೂ ಅವರ ಗ್ರಂಥದಲ್ಲಿ ಇರುವುದು ಇದೇ ಪದ. ಗುಲಾಮಗಿರಿಯ ದುಡಿಮೆಗೂ ಆರಾಧನೆಗೂ ಒಂದೇ ಹೆಸರು.

ಕನ್ನಡದಲ್ಲಿ ನಮಗೆ ಆ ಎರಡೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸೇವೆ ಎಂಬ ಪದ ಕೇಳಿದರೆ ನಮ್ಮ ಹಿರಿಯರ ಹಣೆ ಗಂಟಿಕ್ಕುತ್ತದೆ. ತೋಟಿ ಕೆಲಸ, ಸತ್ತ ದನ ಹೊರುವುದು, ಹಬ್ಬಕ್ಕೆ ತಮಟೆ, ಸಾವಿಗೆ ಗುಂಡಿ, ಇವನ್ನೆಲ್ಲ ಊರು ನಮಗೆ ಸೇವೆ ಎಂದೇ ಹೇಳಿ ಒಪ್ಪಿಸಿತ್ತು. ಕೂಲಿ ಕೇಳಿದರೆ ಸೊಕ್ಕು, ಕೇಳದಿದ್ದರೆ ಸೇವೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಈ ರಾಜ್ಯದಲ್ಲಿ 1970ರ ದಶಕದವರೆಗೆ, ಬಿ. ಬಸವಲಿಂಗಪ್ಪನವರು ಸಚಿವರಾಗುವವರೆಗೆ ಕಾಯಬೇಕಾಯಿತು. ಹಾಗಾಗಿ ಯಾರಾದರೂ ಬಂದು "ಸೇವೆ ಮಾಡಿ" ಎಂದರೆ ನಮ್ಮ ಮಕ್ಕಳು "ನಮ್ಮಜ್ಜ ಮಾಡಿದ್ದು ಸಾಲದಾ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗಬಾರದು.

ಉತ್ತರಕ್ಕೆ ಭಗವಾನರ ಕಾಲದ ಒಬ್ಬ ಯುವಕನ ಬಳಿಗೆ ಹೋಗೋಣ. ಅವನ ಹೆಸರು ಅನುರುದ್ಧ, ಶಾಕ್ಯರ ಮನೆತನದವನು. ಎಷ್ಟು ಮುದ್ದಿನಲ್ಲಿ ಬೆಳೆದವನೆಂದರೆ, ಅಟ್ಟಕಥೆಯಲ್ಲಿ ಒಂದು ತಮಾಷೆಯ ಪ್ರಸಂಗ ಬರುತ್ತದೆ. ಅನ್ನ ಎಲ್ಲಿಂದ ಬರುತ್ತದೆ ಎಂದು ಮೂವರು ರಾಜಕುಮಾರರಲ್ಲಿ ಚರ್ಚೆ ಹುಟ್ಟಿತು. ಕಿಮ್ಬಿಲ ಕಣಜದಿಂದ ಎಂದ. ಭದ್ದಿಯ ಪಾತ್ರೆಯಿಂದ ಎಂದ. ಅನುರುದ್ಧ ಚಿನ್ನದ ತಟ್ಟೆಯಿಂದ ಎಂದ! ಗದ್ದೆಯನ್ನೂ ಕಂಡಿಲ್ಲ, ಒಲೆಯನ್ನೂ ಕಂಡಿಲ್ಲ.

ಇದೇ ಅನುರುದ್ಧ, ಕಿಮ್ಬಿಲ, ಭದ್ದಿಯ, ಆನಂದ ಮೊದಲಾದವರು ಪಬ್ಬಜ್ಜೆಗೆ ಹೊರಟಾಗ ಜೊತೆಯಲ್ಲಿ ಕ್ಷೌರಿಕ ಉಪಾಲಿ ಇದ್ದ. ರಾಜಕುಮಾರರು ಭಗವಾನರನ್ನು ಬೇಡಿಕೊಂಡದ್ದು ಏನು? ನಾವು ಶಾಕ್ಯರು, ಅಹಂಕಾರ ಹೆಚ್ಚು, ಉಪಾಲಿ ಬಹುಕಾಲ ನಮ್ಮ ಚಾಕರಿ ಮಾಡಿದವನು, ಅವನಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಅವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಅಹಂಕಾರ ಇಳಿಯುತ್ತದೆ ಎಂದು. ಸಂಘದಲ್ಲಿ ಮೊದಲು ಬಂದವನು ಹಿರಿಯ, ಹುಟ್ಟಿನ ಹಿರಿತನಕ್ಕೆ ಅಲ್ಲಿ ಜಾಗವಿಲ್ಲ. ಉಪಾಲಿ ಹಿರಿಯನಾದ. ಮುಂದೆ ವಿನಯದಲ್ಲಿ ಅಗ್ರಗಣ್ಯನೂ ಆದ. ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಉಪಾಲಿಯ ದೀಕ್ಷೆಯನ್ನು ಸೇರಿಸಿರುವುದು ಸುಮ್ಮನೆ ಅಲ್ಲ.

ವರ್ಷಗಳು ಕಳೆದ ಮೇಲೆ ಅದೇ ಅನುರುದ್ಧ, ನಂದಿಯ ಮತ್ತು ಕಿಮ್ಬಿಲರ ಜೊತೆ ಒಂದು ವನದಲ್ಲಿ ವಾಸವಾಗಿದ್ದ. ಭಗವಾನರು ಅಲ್ಲಿಗೆ ಬಂದು ವಿಚಾರಿಸಿದ್ದು ಧ್ಯಾನವನ್ನಲ್ಲ, ಮೊದಲು ಸಂಸಾರದ ಮಾತನ್ನೇ. ಅನ್ನ ಸಾಕಾಗುತ್ತಿದೆಯೇ? ಹಾಲು ನೀರು ಬೆರೆತ ಹಾಗೆ ಇದ್ದೀರಾ? ಅನುರುದ್ಧ ಕೊಟ್ಟ ವಿವರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಭಿಕ್ಷೆಯಿಂದ ಮೊದಲು ಬಂದವನು ಚಾಪೆ ಹಾಸಿ ನೀರು ತುಂಬಿಡುತ್ತಾನೆ. ಕೊನೆಗೆ ಬಂದವನು ಉಳಿದದ್ದನ್ನು ಉಂಡು ಪಾತ್ರೆ ತೊಳೆದು ನೆಲ ಗುಡಿಸುತ್ತಾನೆ. ಕುಡಿಯುವ ನೀರಿನ ಕೊಡವೋ ಶೌಚದ ಕೊಡವೋ ಖಾಲಿಯಾದದ್ದು ಯಾರ ಕಣ್ಣಿಗೆ ಬಿತ್ತೋ ಅವನೇ ತುಂಬುತ್ತಾನೆ. ಒಬ್ಬನಿಗೆ ಎತ್ತಲಾಗದಿದ್ದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುತ್ತಾನೆ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮದ ಮಾತಾಡುತ್ತಾರೆ.

ಚಿನ್ನದ ತಟ್ಟೆಯಿಂದ ಅನ್ನ ಬರುತ್ತದೆ ಎಂದಿದ್ದವನು ಈಗ ಶೌಚದ ಕೊಡಕ್ಕೆ ನೀರು ತುಂಬುತ್ತಿದ್ದಾನೆ. ಯಾರೂ ಹೇರಿಲ್ಲ, ಯಾರೂ ಲೆಕ್ಕ ಬರೆಯುತ್ತಿಲ್ಲ. ನಮ್ಮಜ್ಜನ ಚಾಕರಿಗೂ ಈ ಸೇವೆಗೂ ವ್ಯತ್ಯಾಸ ಇಲ್ಲಿದೆ. ಕೆಲಸ ಅದೇ, ಪೊರಕೆ ಅದೇ, ಕೊಳೆಯೂ ಅದೇ. ಚಾಕರಿಯಲ್ಲಿ ಪೊರಕೆ ಒಬ್ಬರ ಕೈಯಲ್ಲಿ ಹುಟ್ಟಿನಿಂದ ಸಾವಿನವರೆಗೆ ಇರುತ್ತದೆ. ಸಹವಾಸದಲ್ಲಿ ಪೊರಕೆ ಕೈಯಿಂದ ಕೈಗೆ ಹೋಗುತ್ತದೆ. ಚಾಕರಿ ಮಾಡಿದವನು ಹೊರಗೆ ಕೂತು ಉಣ್ಣುತ್ತಾನೆ. ಇಲ್ಲಿ ಗುಡಿಸಿದವನೂ ಬಡಿಸಿದವನೂ ಒಂದೇ ಚಾಪೆಯಲ್ಲಿ ಕೂತು ಉಣ್ಣುತ್ತಾರೆ. ಚಾಕರಿಯನ್ನು ಬೇಡ ಎನ್ನುವಂತಿರಲಿಲ್ಲ. ಇದನ್ನು ಆರಿಸಿಕೊಂಡೇ ಬಂದಿರುತ್ತೇವೆ. ಆಯ್ಕೆ, ಸರದಿ, ಸಹಪಂಕ್ತಿ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸೇವೆ ಎಂಬ ಹೆಸರಿನಲ್ಲಿ ಹಳೆಯ ಚಾಕರಿಯೇ ಮನೆಯೊಳಗೆ ಬಂದಿದೆ ಎಂದು ತಿಳಿಯಬೇಕು. ಹುಡುಗರು ಹುಡುಗಿಯರು ಸೇರಿ ಶಿಬಿರ ಮಾಡಿದಾಗ ಅಡುಗೆ, ಪಾತ್ರೆ ಎರಡೂ ಹುಡುಗಿಯರ ಪಾಲಿಗೆ ಬಂದರೆ ಅಲ್ಲಿಯೂ ಇದೇ ಅಳತೆಗೋಲು ಹಿಡಿಯಿರಿ.

ಕೂಡಿ ಬಾಳುವುದು ಕೆಡುವುದೂ ಅಷ್ಟೇ ಸಣ್ಣ ಕಾರಣಕ್ಕೆ. ಕೋಸಂಬಿಯ ಜಗಳ ನಿಮಗೆ ನೆನಪಿರಬಹುದು. ಒಬ್ಬ ಭಿಕ್ಖು ಶೌಚದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬಂದ. ಇನ್ನೊಬ್ಬ ಅದು ತಪ್ಪು ಎಂದ. ಗುರುಗಳ ಮಾತು ಶಿಷ್ಯರಿಗೆ ಹೋಯಿತು, ಶಿಷ್ಯರಿಂದ ಉಪಾಸಕರಿಗೆ ಹೋಯಿತು, ಇಡೀ ಸಂಘ ಎರಡಾಯಿತು. ಭಗವಾನರೇ ಬುದ್ಧಿ ಹೇಳಿದರೂ ಕೇಳಲಿಲ್ಲ. ಅವರು ಒಬ್ಬರೇ ಎದ್ದು ಹೊರಟುಬಿಟ್ಟರು. ಆಗ ಅವರು ಹೋಗಿ ನೋಡಿದ್ದು ಯಾರನ್ನು ಗೊತ್ತೇ? ಇದೇ ಅನುರುದ್ಧ, ನಂದಿಯ, ಕಿಮ್ಬಿಲರನ್ನು. ಒಂದು ಕಡೆ ಕೊಡದ ನೀರಿಗೆ ಒಡೆದ ಸಂಘ, ಇನ್ನೊಂದು ಕಡೆ ಕೊಡದ ನೀರನ್ನು ಮಾತಿಲ್ಲದೆ ತುಂಬುವ ಮೂವರು. ಕೊನೆಗೆ ಕೋಸಂಬಿಯ ಭಿಕ್ಖುಗಳಿಗೆ ಬುದ್ಧಿ ಕಲಿಸಿದವರು ಗೃಹಸ್ಥರು. ಅವರು ಭಿಕ್ಷೆ ಕೊಡುವುದನ್ನು ನಿಲ್ಲಿಸಿದರು. ಗುಂಪಿನಲ್ಲಿ ಒಂದು ಮೆಸೇಜಿಗೆ ಇನ್ನೊಂದು ಮೆಸೇಜು ಸೇರಿ ಜಗಳ ಬೆಳೆಯುವಾಗ, ಜಗಳಕ್ಕೆ ಅನ್ನ ಹಾಕದಿರುವುದೂ ಉಪಾಸಕರ ಧರ್ಮವೇ.

ಈಗ ಅಡುಗೆಮನೆಗೆ ಬರೋಣ. ಯಹೂದಿಗಳಲ್ಲಿ ಆಹಾರದ ನಿಯಮಗಳು ಬಹಳ ಕಟ್ಟುನಿಟ್ಟು. ಹಂದಿ ಇಲ್ಲ, ಮಾಂಸ ಮತ್ತು ಹಾಲು ಬೆರೆಸುವಂತಿಲ್ಲ, ಎರಡಕ್ಕೂ ಪಾತ್ರೆ ಬೇರೆ. ಆದರೆ ಎಲ್ಲ ಯಹೂದಿಗಳೂ ಇದನ್ನು ಒಂದೇ ಸಮನೆ ಪಾಲಿಸುವುದಿಲ್ಲ. ಅವೋದಾದ ಮನೆಯಲ್ಲಿ ಕಟ್ಟುನಿಟ್ಟಿನವರೂ ಇರುತ್ತಾರೆ, ಏನೂ ಪಾಲಿಸದವರೂ ಇರುತ್ತಾರೆ. ಹಾಗಾದರೆ ಒಲೆ ಯಾರ ನಿಯಮದ್ದು? ಅದನ್ನು ಮೇಲಿನವರು ಹೇಳುವುದಿಲ್ಲ. ಮನೆಯವರೇ ಕೂತು ಮಾತಾಡಿ ತೀರ್ಮಾನಿಸಬೇಕು. ಆ ಮಾತುಕತೆಯೇ ಅವರ ಮೊದಲ ಪಾಠ.

ನಮ್ಮಲ್ಲೂ ಈ ಪ್ರಶ್ನೆಯಿದೆ. ವಿಪಶ್ಯನಕ್ಕೆ ಹೋಗಿ ಬಂದು ಮೊಟ್ಟೆಯನ್ನೂ ಬಿಟ್ಟವರು ನಮ್ಮಲ್ಲಿದ್ದಾರೆ. ದನದ ಮಾಂಸ ತಿನ್ನುವವರು ಇದ್ದಾರೆ, ಅದನ್ನು ತಿನ್ನದವರೂ ಇದ್ದಾರೆ. ಬಿಟ್ಟವರು ತಿನ್ನುವವರನ್ನು ಕೀಳಾಗಿ ನೋಡಿದರೆ, ಊರಿನವರು ನಮಗೆ ಮಾಡಿದ್ದನ್ನೇ ನಾವು ನಮ್ಮವರಿಗೆ ಮಾಡಿದಂತಾಯಿತು. ತಿನ್ನುವವರು ಬಿಟ್ಟವರನ್ನು ಬ್ರಾಹ್ಮಣರಾದರು ಎಂದು ಅಣಕಿಸಿದರೆ ಅದೂ ಸಮ್ಯಕ್ ವಾಚಾ ಅಲ್ಲ. ಆಹಾರ ಅವರವರ ಆಯ್ಕೆ. ಆದರೆ ತಟ್ಟೆಗಳ ನಡುವೆ ಮೇಲು ಕೀಳು ಬಂದರೆ ಅದು ಜಾತಿಯೇ. 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ನಂಬುತ್ತೇನೆ, ಸಮಾನತೆ ಸ್ಥಾಪಿಸಲು ಶ್ರಮಿಸುತ್ತೇನೆ ಎಂದು ಎರಡು ಪ್ರತಿಜ್ಞೆಗಳಿವೆ. ನಂಬುವುದಕ್ಕೆ ವೇದಿಕೆ ಸಾಕು. ಶ್ರಮಿಸುವುದಕ್ಕೆ ಅಡುಗೆಮನೆಯೇ ಬೇಕು.

ಒಂದು ರೂಮಿನ ಬೆಲೆ ಏನೆಂದು ಬಾಬಾಸಾಹೇಬರಿಗಿಂತ ಚೆನ್ನಾಗಿ ತಿಳಿದವರು ಯಾರು? 1913ರಲ್ಲಿ ನ್ಯೂಯಾರ್ಕಿಗೆ ಹೋದಾಗ ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದರು. ಆಮೇಲೆ ಲಿವಿಂಗ್‌ಸ್ಟನ್ ಹಾಲಿನಲ್ಲಿ ಅವರ ಜೊತೆಗಿದ್ದವರು ನವಲ್ ಭಾತೇನಾ ಎಂಬ ಪಾರ್ಸಿ ಯುವಕ. ಆ ಸಹವಾಸ ಜೀವನದುದ್ದಕ್ಕೂ ಸ್ನೇಹವಾಗಿ ಉಳಿಯಿತು. 1917ರಲ್ಲಿ ಅದೇ ಅಂಬೇಡ್ಕರ್ ದೊಡ್ಡ ಓದು ಮುಗಿಸಿ ಬರೋಡಕ್ಕೆ ನೌಕರಿಗೆ ಬಂದರು. ಇಡೀ ಊರಿನಲ್ಲಿ ಒಂದು ರೂಮು ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದವರು ಬಂದು ಹೊರಗೆ ಹಾಕಿದರು. ಒಬ್ಬ ಪಾರ್ಸಿ ರೂಮನ್ನು ಹಂಚಿಕೊಂಡ, ಬೇರೆ ಪಾರ್ಸಿಗಳು ರೂಮಿನಿಂದ ಅಟ್ಟಿದರು. ಇದರಿಂದ ನಾವು ಕಲಿಯಬೇಕಾದದ್ದು ಯಾವ ಸಮುದಾಯ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನಲ್ಲ. ಒಟ್ಟಿಗೆ ಬದುಕಿ ನೋಡಿದವನಿಗೆ ಮನುಷ್ಯ ಕಂಡ, ಬದುಕಿ ನೋಡದವರಿಗೆ ಜಾತಿ ಮಾತ್ರ ಕಂಡಿತು.

ಆದ್ದರಿಂದಲೇ ಬಾಬಾಸಾಹೇಬರು ಸಾರ್ವಜನಿಕ ಜೀವನದ ಮೊದಲ ವರ್ಷಗಳಲ್ಲೇ ಕೈಹಾಕಿದ ಕೆಲಸಗಳಲ್ಲಿ ಒಂದು ಹಾಸ್ಟೆಲು. ಬಹಿಷ್ಕೃತ ಹಿತಕಾರಿಣಿ ಸಭಾ 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆಯಿತು. ಆಮೇಲೆ ನಮ್ಮ ಧಾರವಾಡದಲ್ಲೂ ಅವರ ಹಾಸ್ಟೆಲು ನಡೆಯಿತು. ಅಲ್ಲಿಯ ಒಂದು ಪ್ರಸಂಗವನ್ನು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಮಾತೆ ರಮಾಬಾಯಿ ಧಾರವಾಡಕ್ಕೆ ಬಂದಿದ್ದಾಗ ಅನುದಾನ ಬಾರದೆ ಹಾಸ್ಟೆಲಿನ ಮಕ್ಕಳು ಹಸಿದಿದ್ದರು. ಅದು ತಿಳಿದು ಆ ತಾಯಿ ತನ್ನ ಕೈಯ ಚಿನ್ನದ ಬಳೆಗಳನ್ನು ಬಿಚ್ಚಿ ಕೊಟ್ಟರು. ಆ ಹಣದಿಂದ ಒಲೆ ಉರಿಯಿತು. ಮಕ್ಕಳು ಉಂಡರು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಓದಿ ನೌಕರಿ ಹಿಡಿದ ನಾವೆಲ್ಲ ಒಂದು ಅರ್ಥದಲ್ಲಿ ಆ ಬಳೆಗಳ ಸಾಲಗಾರರು.

ಬಾಬಾಸಾಹೇಬರು ಭಿಕ್ಖು ಸಂಘದ ಬಗ್ಗೆಯೂ ಒಂದು ಕಟು ಪ್ರಶ್ನೆ ಎತ್ತಿದ್ದರು. ಭಿಕ್ಖು ತನ್ನ ಪರಿಪೂರ್ಣತೆಗಾಗಿ ಮಾತ್ರ ಇರುವವನೇ, ಅಥವಾ ಸಮಾಜದ ಸೇವಕನೇ? ಎರಡನೆಯದಾದರೆ ಮಾತ್ರ ಧಮ್ಮಕ್ಕೆ ಭರವಸೆ ಎಂಬುದು ಅವರ ನಿಲುವು. ನಾಗಪುರದ ನಾಗಲೋಕದಲ್ಲಿ 2002ರಿಂದ ನಡೆಯುತ್ತಿರುವ ನಾಗಾರ್ಜುನ ತರಬೇತಿ ಸಂಸ್ಥೆ ಆ ದಾರಿಯ ಒಂದು ಹೆಜ್ಜೆ. ಬೇರೆ ಬೇರೆ ರಾಜ್ಯಗಳ, ಬೇರೆ ಬೇರೆ ಜಾತಿ ಹಿನ್ನೆಲೆಯ ಯುವಜನ ಅಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ಇದ್ದು ಧಮ್ಮವನ್ನೂ ಸಮಾಜದ ಕೆಲಸವನ್ನೂ ಕಲಿತು ಊರಿಗೆ ಮರಳುತ್ತಾರೆ. ಭಾಷೆ ಬೇರೆಯಾದರೂ ತಟ್ಟೆ ಒಂದೇ.

ಇನ್ನು ನೆರೆಹೊರೆಯ ಮಾತು. ನಮ್ಮವರೇ ನಮ್ಮವರೊಡನೆ ಒಂದು ಮನೆಯಲ್ಲಿದ್ದರೆ ಸಾಕೇ? ಸಾಲದು. ಅದು ಹೊಸ ಕೇರಿಯಾಗಬಾರದು. ನ್ಯೂಯಾರ್ಕಿನ ವಲಸಿಗರ ಬಡಾವಣೆಯಲ್ಲಿ ಲಿಲಿಯನ್ ವಾಲ್ಡ್ ಎಂಬ ಯಹೂದಿ ಮನೆತನದ ನರ್ಸ್ 1893ರಲ್ಲಿ ಕೆಲಸ ಶುರುಮಾಡಿದರು. ಅದು ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್ ಎಂದು ಹೆಸರಾಯಿತು. ನರ್ಸ್‌ಗಳು ಬಡವರ ಬೀದಿಯಲ್ಲೇ ಮನೆ ಮಾಡಿ, ಅಲ್ಲೇ ಉಂಡು, ಅಲ್ಲೇ ಮಲಗಿ, ಅಕ್ಕಪಕ್ಕದ ರೋಗಿಗಳನ್ನು ನೋಡಿಕೊಂಡರು. 1909ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ದೊಡ್ಡ ಸಮ್ಮೇಳನ ನಡೆದಾಗ, ಕಪ್ಪು ಬಿಳಿ ಜನ ಒಟ್ಟಿಗೆ ಸೇರುವ ಕೂಟಕ್ಕೆ ಬಾಗಿಲು ತೆರೆದದ್ದು ಈ ಮನೆ. ತಮ್ಮವರಿಗಾಗಿ ಕಟ್ಟಿದ ಮನೆಯ ಬಾಗಿಲನ್ನು ಇನ್ನೊಬ್ಬ ನೊಂದವನಿಗೆ ತೆರೆಯುವುದು, ಇದನ್ನೇ ನಾವು ಮೈತ್ರಿ ಎನ್ನುವುದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದಲ್ಲೂ, ಬೇರೆ ಪಂಥದವರನ್ನು ಗೌರವಿಸಬೇಕು, ಅವರ ಮಾತನ್ನು ಕೇಳಬೇಕು ಎಂಬ ಆದೇಶವಿದೆ. ಯಹೂದಿಗಳಿಂದ ನಾವೇಕೆ ಕಲಿಯಬೇಕು ಎಂದು ಕೇಳುವವರಿಗೆ ನಮ್ಮ ನಾಡಿನ ಆ ಕಲ್ಲೇ ಉತ್ತರ.

ಒಂದು ಆಕ್ಷೇಪವನ್ನು ಮರೆಮಾಚಬಾರದು. ಓದು ಮುಗಿಸಿ ಒಂದು ವರ್ಷವನ್ನು ಸಣ್ಣ ಭತ್ಯೆಗೆ ದುಡಿಯಲು ಬಿಡುವ ಶಕ್ತಿ ಎಷ್ಟು ಮನೆಗಳಿಗಿದೆ? ಅಡಿಕೆ ತೋಟದ ಕೂಲಿಯಿಂದ, ರೇಷನ್ ಅಕ್ಕಿಯಿಂದ ಮಗಳನ್ನು ಬಿ.ಎ. ಓದಿಸಿದ ತಾಯಿಗೆ "ಇನ್ನೊಂದು ವರ್ಷ ಕಾಯಿರಿ" ಎನ್ನುವುದು ಅನ್ಯಾಯ. ಮೊದಲ ಸಂಬಳ ಮೊದಲು ಆ ತಾಯಿಯ ಸಾಲಕ್ಕೆ ಹೋಗಬೇಕು. ಹಾಗಾಗಿ ಅವರ ಮಾದರಿಯನ್ನು ಇದ್ದ ಹಾಗೆ ಎತ್ತಿ ತರಬೇಕಿಲ್ಲ. ನಮ್ಮ ಮಕ್ಕಳು ಹೇಗಿದ್ದರೂ ಬೆಂಗಳೂರಿನಲ್ಲಿ, ಶಿವಮೊಗ್ಗದಲ್ಲಿ, ದಾವಣಗೆರೆಯಲ್ಲಿ ಬಾಡಿಗೆ ಕಟ್ಟುತ್ತಲೇ ಇದ್ದಾರೆ. ಒಬ್ಬೊಬ್ಬರೇ ಕಟ್ಟುವ ಬದಲು, ನೌಕರಿ ಮಾಡುತ್ತಲೇ, ಬೇರೆ ಬೇರೆ ಕೇರಿಯ ನಾಲ್ವರು ಸೇರಿ ಒಂದು ಮನೆ ಹಿಡಿಯಲಿ. ವಾರಕ್ಕೆ ನಾಲ್ಕು ಗಂಟೆ ಆ ಬೀದಿಯ ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಲಿ. ಆ ಬೀದಿಯ ಮಕ್ಕಳು ಮುಸ್ಲಿಮರಾಗಿರಲಿ, ಬಿಹಾರದ ಕಟ್ಟಡ ಕಾರ್ಮಿಕರ ಮಕ್ಕಳಾಗಿರಲಿ, ಪೌರಕಾರ್ಮಿಕರ ಮಕ್ಕಳಾಗಿರಲಿ. ಊರಿನಿಂದ ಮೊದಲ ಬಾರಿ ಪರೀಕ್ಷೆಗೋ ಸಂದರ್ಶನಕ್ಕೋ ಬರುವ ನಮ್ಮ ಹುಡುಗಿಗೆ, ಹುಡುಗನಿಗೆ ಒಂದು ಚಾಪೆ, ಒಂದು ಹೊತ್ತಿನ ಊಟ ಆ ಮನೆಯಲ್ಲಿ ಸಿಗಲಿ. ಕಾಲೇಜಿನಲ್ಲಿರುವವರಿಗೆ ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರವೇ ಅಭ್ಯಾಸದ ಅಂಗಳ. ಹೆಣ್ಣುಮಕ್ಕಳ ಮನೆಯೂ ಒಂದು ಆಗಬೇಕು, ಅದಕ್ಕೆ ಬೇಕಾದ ಭದ್ರತೆಯನ್ನು ಹಿರಿಯರಾದ ನಾವು ಮುಂದೆ ನಿಂತು ನೋಡಿಕೊಳ್ಳಬೇಕು.

ಅಂಥ ಮನೆಗೆ ನಿಯಮವೇನು ಎಂದು ಕೇಳಿದರೆ ಭಗವಾನರು ಆರು ಸಾರಣೀಯ ಧಮ್ಮಗಳನ್ನು ಹೇಳಿದ್ದಾರೆ. ಎದುರಿಗೂ ಹಿಂದೆಯೂ ಕೈಯಲ್ಲಿ ಮೈತ್ರಿ, ಮಾತಿನಲ್ಲಿ ಮೈತ್ರಿ, ಮನಸ್ಸಿನಲ್ಲಿ ಮೈತ್ರಿ. ಸಿಕ್ಕದ್ದನ್ನು ಹಂಚಿ ಉಣ್ಣುವುದು. ಒಂದೇ ಶೀಲ. ಒಂದೇ ಸಮ್ಯಕ್ ದೃಷ್ಟಿ. "ಎದುರಿಗೂ ಹಿಂದೆಯೂ" ಎಂಬುದನ್ನು ಗಮನಿಸಿ. ಎದುರಿಗೆ ಜೈಭೀಮ್ ಅಂದು, ಹಿಂದೆ ಕೇರಿಯ ಹೆಸರು ಹಿಡಿದು ಮಾತಾಡಿದರೆ ಮೈತ್ರಿ ಅರ್ಧಕ್ಕೇ ನಿಂತಿತು.

ಈ ವಾರದ ಅಭ್ಯಾಸ ಮೂರು.

ಒಂದು, ನಿಮ್ಮ ಕೇರಿಯದಲ್ಲದ ಒಬ್ಬ ಧಮ್ಮಬಂಧುವಿನ ಮನೆಗೆ ಹೋಗಿ ಉಂಡು ಬನ್ನಿ. ಹಣ್ಣು, ಟೀ ಲೆಕ್ಕಕ್ಕಿಲ್ಲ. ಮುದ್ದೆ ಸಾರು ಉಣ್ಣಬೇಕು. ಮುಂದಿನ ಸಲ ಅವರನ್ನು ಮನೆಗೆ ಕರೆಯಿರಿ.

ಎರಡು, ಭಾನುವಾರದ ಅಧ್ಯಯನ ಮುಗಿದ ಮೇಲೆ ಚಾಪೆ ಮಡಿಸುವುದು, ಲೋಟ ತೊಳೆಯುವುದು, ಶೌಚಾಲಯಕ್ಕೆ ನೀರು ಹಾಕುವುದು ಸರದಿಯಂತೆ ಆಗಲಿ. ಸರದಿಯ ಪಟ್ಟಿಯಲ್ಲಿ ಮೊದಲು ಮೇಷ್ಟ್ರುಗಳ, ನೌಕರರ ಹೆಸರು ಬರಲಿ. ನನ್ನ ಹೆಸರನ್ನು ಮೊದಲನೆಯದಾಗಿ ಬರೆದುಕೊಳ್ಳಿ.

ಮೂರು, ನಗರದಲ್ಲಿ ರೂಮು ಹುಡುಕುತ್ತಿರುವ ನಿಮ್ಮ ಮಗನೋ ಮಗಳೋ ಇದ್ದರೆ ಈ ಗುಂಪಿನಲ್ಲಿ ತಿಳಿಸಿ. ಊರು, ಕೆಲಸ, ಬೇಕಾದ ಜಾಗ ಇಷ್ಟು ಬರೆದರೆ ಸಾಕು. ಒಂದೇ ನಗರಕ್ಕೆ ಹೋಗುವ ನಾಲ್ವರು ಮೂರು ತಾಲ್ಲೂಕಿನಲ್ಲಿ ಸಿಗದೇ ಇರುವುದಿಲ್ಲ. ಅವರನ್ನು ಒಟ್ಟು ಕೂರಿಸಿ, ಬಾಡಿಗೆ ಎಷ್ಟು, ಒಲೆ ಹೇಗೆ, ಪೊರಕೆ ಯಾರ ಸರದಿ ಎಂದು ಅವರೇ ಮಾತಾಡಿಕೊಳ್ಳುವಂತೆ ಮಾಡೋಣ. ಮುಂಗಡಕ್ಕೆ ಕಡಿಮೆ ಬಿದ್ದರೆ ನೌಕರಿಯಲ್ಲಿರುವವರು ಕೈ ಸೇರಿಸೋಣ. ರಮಾಬಾಯಿಯವರ ಬಳೆಯ ಸಾಲ ತೀರಿಸಲು ಇದೂ ಒಂದು ಕಂತು.

ಎಲ್ಲ ಜೀವಿಗಳೂ ಸುಖವಾಗಿರಲಿ.
ನಮೋ ಬುದ್ಧಾಯ. ಜೈಭೀಮ್.

ಓದಿದವರು ಇನ್ನೊಬ್ಬರಿಗೆ ಕಳಿಸಿ. ಕಳಿಸುವ ಮೊದಲು ಮನೆಯವರ ಜೊತೆ ಒಂದು ಮಾತು ಚರ್ಚಿಸಿ.